ಕಾನೂನು ಎಂಟಕ್ಕೆ ನಿಲ್ಲುತ್ತೆ, ಮಕ್ಕಳು ಒಂಬತ್ತರಲ್ಲಿ ಕಾಣೆಯಾಗ್ತಾರೆ: ಅಮ್ಮತ್ತಿಯ ತೋಟಗಳಲ್ಲಿ ಹೈಸ್ಕೂಲ್ ಬಿಡುವುದು ಯಾಕೆ?

ವಿರಾಜಪೇಟೆ–ಸಿದ್ದಾಪುರ ರಸ್ತೆಯ ಅಮ್ಮತ್ತಿ ಸಣ್ಣ ಪೇಟೆ. ಸುತ್ತ ಕಾಫಿ ತೋಟ, ತೋಟದೊಳಗೆ ಲೈನ್ ಮನೆ. ಅಲ್ಲಿರುವವರಲ್ಲಿ ಯರವರು, ಜೇನುಕುರುಬರು, ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರೂ ಇದ್ದಾರೆ. ಇಲ್ಲಿನ ಮಕ್ಕಳು ಹೈಸ್ಕೂಲ್ ಬಿಟ್ಟರೆ ‘ತಂದೆತಾಯಿಗೆ ತಿಳಿವಳಿಕೆ ಇಲ್ಲ’ ಅಂದುಬಿಡುವುದು ಸುಲಭ. ಆದರೆ ಮೊದಲು ನೋಡಬೇಕಾದ್ದು ಕಾನೂನನ್ನ.

ಕಾನೂನು ಏನು ಹೇಳುತ್ತೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದವರಿಗೆ, ಎಂಟನೇ ತರಗತಿವರೆಗೆ ಮಾತ್ರ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು 2013ರಲ್ಲಿ ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆಮೇಲೆ ಏಳು ದಿನ ಸತತ ಗೈರಾದರೆ ಹುಡುಕಿ ಕರೆತರಬೇಕೆಂಬ ನಿಯಮ ಬಂತು. ಅದೂ ಈ ಕಾಯ್ದೆಯ ವಯಸ್ಸಿನವರಿಗೇ.

ಇತ್ತ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯ್ತು. 14 ದಾಟಿದವರಿಗೆ ಅಪಾಯಕಾರಿ ಕೆಲಸ ಮಾತ್ರ ನಿಷಿದ್ಧ. ಅಂದರೆ ಶಾಲೆಯ ಹಕ್ಕು ಮುಗಿಯುವ ವಯಸ್ಸಿಗೇ ದುಡಿಮೆಯ ಬಾಗಿಲು ತೆರೆಯುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 18 ವರ್ಷದವರೆಗಿನ ಶಿಕ್ಷಣದ ಮಾತಾಡಿದೆ, ನೀತಿಗೆ ಕಾಯ್ದೆಯ ಬಲ ಇಲ್ಲ.

ಯಾವಾಗ ಬಿಡ್ತಾರೆ?

ರೊಬಸ್ಟಾ ಕುಯ್ಲು ಜೋರಾಗುವುದು ಜನವರಿ, ಫೆಬ್ರವರಿಯಲ್ಲಿ. ಅದರ ಬೆನ್ನಿಗೇ ಕರಿಮೆಣಸು. ಎಸ್ಸೆಸ್ಸೆಲ್ಸಿ ತಯಾರಿಯೂ ಅದೇ ಹೊತ್ತಿಗೆ. ಕುಯ್ಲಿನ ಕೂಲಿ ಸಾಮಾನ್ಯವಾಗಿ ಕಿಲೋ ಲೆಕ್ಕ. ಹಾಗಾಗಿ ಇನ್ನೆರಡು ಕೈ ಸೇರಿದರೆ ಅವ್ವನ ಚೀಲ ಬೇಗ ತುಂಬುತ್ತೆ. ನಾಲ್ಕು ದಿನ ಅಂತ ಹೋದ ಹುಡುಗನಿಗೆ ಒಂದು ತಿಂಗಳ ಪಾಠ ತಪ್ಪಿದರೆ ವಾಪಸ್ ಬರೋಕೆ ನಾಚಿಕೆ. ಹುಡುಗಿಯರಿಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಕೆಲಸ.

ದಾರಿಯದ್ದು ಇನ್ನೊಂದು ಗೋಳು. ತೋಟಗಳಲ್ಲೇ ಕಾಡಾನೆಗಳು ಬೀಡುಬಿಟ್ಟಿರುವ ಪ್ರದೇಶ ಇದು. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಕತ್ತಲಲ್ಲಿ ಲೈನ್ ಮನೆಗೆ ನಡೆದು ಬಾ ಅಂತ ಯಾವ ತಾಯಿ ಹೇಳ್ತಾಳೆ? ಅಸ್ಸಾಂನ ಮಕ್ಕಳಿಗಂತೂ ಕನ್ನಡ ಕಲಿಯುವಷ್ಟರಲ್ಲಿ ಅಪ್ಪನಿಗೆ ಬೇರೆ ತೋಟದಲ್ಲಿ ಕೆಲಸ.

ಏನು ಮಾಡಬಹುದು?

- ಎಂಟು ಮುಗಿಸಿದವರ ಪಟ್ಟಿ ಹಿಡಿದು, ಜೂನ್‌ನಲ್ಲಿ ಒಂಬತ್ತಕ್ಕೆ ಯಾರು ಸೇರಿಲ್ಲ ಅಂತ ನೋಡಬೇಕು. ಪ್ರತಿ ವಿದ್ಯಾರ್ಥಿಯ ದಾಖಲೆ ಸ್ಯಾಟ್ಸ್ ತಂತ್ರಾಂಶದಲ್ಲೇ ಇದೆ. ಪಂಚಾಯ್ತಿ, ಶಾಲೆ ಕೂತು ನೋಡಿದರೆ ಒಂದು ದಿನದ ಕೆಲಸ.
- ಏಳು ದಿನದ ನಿಯಮವನ್ನು ಹತ್ತನೇ ತರಗತಿವರೆಗೂ ವಿಸ್ತರಿಸಬೇಕು.
- ಕುಯ್ಲಿನ ತಿಂಗಳುಗಳಲ್ಲಿ ಸ್ಪೆಷಲ್ ಕ್ಲಾಸನ್ನು ಲೈನ್ ಮನೆಗಳ ಹತ್ತಿರ ನಡೆಸಬೇಕು, ಇಲ್ಲವೇ ವಾಹನ ಕೊಡಬೇಕು. ದೂರದವರಿಗೆ ಹಾಸ್ಟೆಲ್ ಬೇಕು.
- ಓದುವ ವಯಸ್ಸಿನವರನ್ನು ಶಾಲೆ ಸಮಯದಲ್ಲಿ ಕುಯ್ಲಿಗೆ ಸೇರಿಸಬೇಡಿ ಅಂತ ತೋಟದ ಮಾಲೀಕರು ರೈಟರ್, ಮೇಸ್ತ್ರಿಗಳಿಗೆ ಹೇಳಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ಈಗಾಗಲೇ ಬಿಟ್ಟವರಿಗೆ

ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಫೇಲಾದವರು ಒಂದು ವರ್ಷ ಕಾಯಬೇಕಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆ ಮೂಲಕ ಹತ್ತನೇ ತರಗತಿ ಬರೆಯಬಹುದು. ಮಗುವನ್ನು ಬಲವಂತವಾಗಿ ದುಡಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮನೆಮನೆಗೆ ಹೋಗಿ ಬುದ್ಧಿ ಹೇಳುವುದು ಬೇಡ ಅಂತಲ್ಲ. ಆದರೆ ಹದಿನಾಲ್ಕು ದಾಟಿದ ಮಗು ಯಾರ ಲೆಕ್ಕದಲ್ಲೂ ಇಲ್ಲದಿದ್ದರೆ, ಬುದ್ಧಿ ಹೇಳಬೇಕಾದ್ದು ತಂದೆತಾಯಿಗೆ ಮಾತ್ರ ಅಲ್ಲ.