ಕನಸು ದೇವರದೋ, ಮನಸ್ಸಿನದೋ? ಗಂಗಾಮೂಲದ ರಮಾಬಾಯಿ ನೋಡಿದ ರೀತಿ

ಕೊಡಿಗೇಹಳ್ಳಿ, ಯಲಹಂಕ, ಹೆಬ್ಬಾಳದ ಕಡೆ ಪ್ರಾರ್ಥನಾ ಕೂಟಕ್ಕೆ ಹೋಗುವವರು ಯಾರಾದರೂ ನಿಮಗೆ ಪರಿಚಯವಿದ್ದರೆ ಈ ಮಾತು ಕೇಳಿರುತ್ತೀರಿ: "ರಾತ್ರಿ ಕನಸಲ್ಲಿ ಸ್ವಾಮಿ ನನ್ನ ಹತ್ರ ಮಾತಾಡಿದ್ರು." ಅಷ್ಟಕ್ಕೇ ಬಿಟ್ಟರೆ ಯಾರಿಗೂ ತೊಂದರೆ ಇಲ್ಲ. ಆದರೆ ಆ ಕನಸನ್ನು ನಂಬಿ ಸೈಟು ಮಾರಲು, ಮಗಳಿಗೆ ಬಂದ ಸಂಬಂಧ ಬೇಡ ಅನ್ನಲು, ಸಕ್ಕರೆ ಕಾಯಿಲೆ ಮಾತ್ರೆ ಬಿಡಲು ಹೊರಟರೆ? ಕನಸು ದೇವರಿಂದಲೇ ಬಂತು ಅಂತ ತಿಳಿಯುವುದು ಹೇಗೆ? ನಮ್ಮ ಮಲೆನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಥದ್ದೇ ಪ್ರಶ್ನೆ ಎದುರಿಸಿದ್ದರು.

ಅವರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ ಭದ್ರೆಯರ ಮೂಲವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡವರು. ಮಗಳು ದೊಡ್ಡ ವಿದುಷಿಯಾದರು. 1878ರಲ್ಲಿ ಕಲ್ಕತ್ತೆಯ ಪಂಡಿತರಿಂದ 'ಸರಸ್ವತಿ' ಬಿರುದು ಪಡೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮುಂದೆ ಬರಗಾಲ ಬಂದಾಗ ಪುಣೆ ಹತ್ತಿರದ ಕೆಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಕೊಟ್ಟರು.

1905ರ ಆರಂಭದಲ್ಲಿ ಅಲ್ಲಿ ವಿಶೇಷ ಪ್ರಾರ್ಥನೆ ಶುರುವಾಯಿತು. ಮೊದಲು ಸೇರಿದ್ದು 70 ಮಂದಿ. ಜೂನ್ ಹೊತ್ತಿಗೆ ದಿನಕ್ಕೆರಡು ಸಲ 550 ಮಂದಿ ಸೇರುತ್ತಿದ್ದರು. ಜೂನ್ 29ರ ನಸುಕಿನಲ್ಲಿ, ಎಲ್ಲರೂ ಮಲಗಿದ್ದಾಗ, ಒಬ್ಬ ಹುಡುಗಿ ಎಚ್ಚೆತ್ತು ಮೈಮೇಲೆ ಬೆಂಕಿ ಇಳಿದಂತೆ ಕೂಗಿಕೊಂಡಳು. ಅವಳ ಮೈಗೆ ನಿಜವಾಗಿಯೂ ಬೆಂಕಿ ಹತ್ತಿದಂತೆ ಮೇಲ್ವಿಚಾರಕಿಗೂ ಕಂಡಿತಂತೆ. ಆಕೆ ಓಡಿಹೋಗಿ ನೀರಿನ ಬಕೆಟ್ ತಂದು ಇನ್ನೇನು ಸುರಿಯಬೇಕು, ಆಗ ನೋಡಿದರೆ ಬೆಂಕಿಯೇ ಇಲ್ಲ! ಆಮೇಲೆ ಹುಡುಗಿಯರು ಗುಂಪುಗುಂಪಾಗಿ ಅಳುತ್ತಾ ತಮ್ಮ ತಪ್ಪು ಒಪ್ಪಿಕೊಳ್ಳತೊಡಗಿದರು. ಮುಂದಿನ ದಿನಗಳಲ್ಲಿ ದರ್ಶನ ಕಂಡೆ ಎಂದವರೂ ಇದ್ದರು, ಅರಿಯದ ಭಾಷೆಯಲ್ಲಿ ಮಾತಾಡಿದವರೂ ಇದ್ದರು.

ಇದು ಬರೀ ಆವೇಶ ಎಂದು ಟೀಕೆಗಳು ಬಂದವು. ರಮಾಬಾಯಿ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. ಹಾಗಂತ ಕಂಡಿದ್ದೆಲ್ಲ ದೇವರ ಮಾತು ಎಂದು ಸಾರಲೂ ಇಲ್ಲ. 1907ರಲ್ಲಿ ಮಿಷನ್‌ನ ಪತ್ರಿಕೆಯಲ್ಲಿ ಅವರು ಬರೆದದ್ದರ ಸಾರ ಇಷ್ಟು: ಅರಿಯದ ಭಾಷೆ ಒಂದು ಗುರುತು ಇರಬಹುದು, ಆದರೆ ಅದೊಂದೇ ಗುರುತಲ್ಲ, ಇರಲೇಬೇಕಾದ ಗುರುತು ಪ್ರೀತಿ. ಅಂದರೆ ರಾತ್ರಿ ಏನು ಕಂಡಿತು ಅನ್ನುವುದಕ್ಕಿಂತ, ಬೆಳಗಾದ ಮೇಲೆ ಆ ಹುಡುಗಿ ಪಕ್ಕದವಳ ಜೊತೆ ಹೇಗೆ ಬಾಳುತ್ತಾಳೆ ಅನ್ನುವುದು ಮುಖ್ಯ.

ಇದು ಅವರೇ ಕಟ್ಟಿದ ನಿಯಮವೇನಲ್ಲ, ಬೈಬಲಿನಲ್ಲೇ ಇದಕ್ಕೆ ಬುಡ ಇದೆ. ದೇವರು ಕನಸಿನಲ್ಲಿ ಮಾತಾಡಬಲ್ಲ ಎಂದು ಬೈಬಲ್ ಒಪ್ಪುತ್ತದೆ. ಆದರೆ ಕನಸುಗಾರ ಹೇಳಿದ್ದು ನಿಜವಾದರೂ, ಅವನು ದೇವರಿಂದ ದೂರ ಸೆಳೆದರೆ ಕೇಳಬೇಡಿ ಎನ್ನುತ್ತದೆ ಧರ್ಮೋಪದೇಶಕಾಂಡ. ಕೆಲಸದ ತಲೆಬಿಸಿಯಿಂದಲೂ ಕನಸು ಬೀಳುತ್ತದೆ ಎನ್ನುತ್ತದೆ ಪ್ರಸಂಗಿ. ಪೌಲನಿಗೆ ರಾತ್ರಿ ದರ್ಶನವಾದಾಗ ಅದರ ಅರ್ಥ ತೀರ್ಮಾನಿಸಿದ್ದು ಅವನೊಬ್ಬನೇ ಅಲ್ಲ, ಜೊತೆಗಾರರೂ ಸೇರಿ. ಮರಿಯಳ ಗಂಡ ಯೋಸೇಫನನ್ನು ನೋಡಿ. ಕನಸು ಅವನಿಗೆ ಹೇಳಿದ್ದು, ಹೆಂಡತಿಯನ್ನು ಕೈಬಿಡಬೇಡ, ಮಗುವನ್ನು ಎತ್ತಿಕೊಂಡು ಹೋಗಿ ಉಳಿಸು ಎಂದು. ಕಷ್ಟ ಬಿದ್ದದ್ದು ಕನಸು ಕಂಡವನ ಹೆಗಲಿಗೇ. ಬೇರೆಯವರ ಗಂಟು ಕೇಳಿದ ಕನಸಲ್ಲ ಅದು.

ಕಥೋಲಿಕ ಸಭೆ ಇನ್ನೂ ಬಿಗಿ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ದರ್ಶನ, ಪವಾಡಗಳ ಪರಿಶೀಲನೆಗೆ ಹೊಸ ನಿಯಮ ಹೊರಡಿಸಿತು. ಅದರ ಪ್ರಕಾರ ಎಲ್ಲವೂ ಸರಿಯಿದ್ದರೂ ಬಿಷಪ್ ಸಾಮಾನ್ಯವಾಗಿ ಹೇಳುವುದು "ಅಡ್ಡಿಯಿಲ್ಲ" ಎಂದಷ್ಟೇ. "ಇದು ದೇವರಿಂದಲೇ ಬಂದದ್ದು" ಎಂಬ ಮುದ್ರೆ ಒತ್ತುವುದಿಲ್ಲ. ಹಣ, ಅಧಿಕಾರ, ಹೆಸರಿನ ಆಸೆ ಕಂಡುಬಂದರೆ ಅದನ್ನು ಅಪಾಯದ ಗುರುತಾಗಿ ನೋಡುತ್ತಾರೆ. ವಿಶ್ವಾಸಿಗಳ ಮೇಲೆ ಒಡೆತನ ಸಾಧಿಸಲು ದರ್ಶನದ ಹೆಸರು ಬಳಸುವುದನ್ನು ಗಂಭೀರ ತಪ್ಪೆಂದು ಎಣಿಸುತ್ತಾರೆ.

ಹಾಗಾಗಿ ಯಾರಾದರೂ ಕನಸು ಹೇಳಿದರೆ ನಗಬೇಕಿಲ್ಲ, ಹೆದರಲೂ ಬೇಕಿಲ್ಲ. ಕೇಳಬೇಕಾದ್ದು ಇಷ್ಟೆ: ಇದು ವೇದವಾಕ್ಯಕ್ಕೆ ಒಪ್ಪುತ್ತದೆಯೇ? ಮನೆಯವರು, ಹಿರಿಯರು ಏನಂತಾರೆ? ಯಾರಿಗೆ ಲಾಭ? ನಾಲ್ಕು ದಿನ ಕಾದರೆ ಏನು ಕೆಡುತ್ತದೆ? ಮಾತ್ರೆ ಬಿಡುವ ಮಾತಂತೂ ಡಾಕ್ಟರ ಹತ್ತಿರವೇ ಆಗಬೇಕು.

ರಮಾಬಾಯಿ ಕೊನೆಯ ವರ್ಷಗಳನ್ನು ಬೈಬಲ್ಲನ್ನು ಸರಳ ಮರಾಠಿಗೆ ತರುವುದರಲ್ಲಿ ಕಳೆದರು. ಓದು ಬಲ್ಲ ಯಾವ ಹೆಂಗಸಾದರೂ ತಾನೇ ತೆರೆದು ನೋಡುವಂತಿರಲಿ ಎಂದು. ಮಗಳು ಮನೋರಮಾಬಾಯಿ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆ ತೆರೆದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. ಆ ನಸುಕಿನಲ್ಲಿ ಕಂಡ ಬೆಂಕಿ ಏನೆಂದು ಇವತ್ತು ಯಾರೂ ಸಾಬೀತು ಮಾಡಲಾರರು. ಕೆಡಗಾಂವ್‌ನ ಮುಕ್ತಿ ಮಿಷನ್ ಮಾತ್ರ ಇಂದಿಗೂ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಮನೆಯಾಗಿದೆ.