ಚಿತ್ರಪುಸ್ತಕದ ನರಿ

ಕೊಡವ ತಕ್ಕ್‌ನಲ್ಲಿ ‘ನರಿ’ ಅಂದ್ರೆ ಹುಲಿ, ಗೊತ್ತಾ? ಹುಲಿ ಕೊಂದವನಿಗೆ ಹಿಂದೆ ನಮ್ಮಲ್ಲಿ ಮಾಡುತ್ತಿದ್ದದ್ದು ‘ನರಿ ಮಂಗಲ’. ಹಾಗಾಗಿ ನಮ್ಮ ಮಕ್ಕಳಿಗೆ ಕನ್ನಡದ ನರಿ ಕಥೆ ಹೇಳಬೇಕಾದರೆ ಪಕ್ಕದಲ್ಲಿ ಚಿತ್ರ ಇರಲೇಬೇಕು :)

ಪಂಜೆ ಮಂಗೇಶರಾಯರು (1874-1937) ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು, ‘ಹುತ್ತರಿ ಹಾಡು’ ಬರೆದವರು. 1921ರಲ್ಲಿ ಮಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. 1936ರಲ್ಲಿ ಕಾರಂತರ ಸಚಿತ್ರ ‘ಬಾಲಪ್ರಪಂಚ’ ಬಂತು. ಎಲ್ಲಾ ಕನ್ನಡ. ಕೊಡವ ತಕ್ಕ್‌ನ ಹಾಡುಗಳೂ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯಲ್ಲಿ 1924ರಲ್ಲೇ ಅಚ್ಚಾದವು, ಕನ್ನಡ ಲಿಪಿಯಲ್ಲಿ. ಆದರೆ ಅದು ದೊಡ್ಡವರ ಪುಸ್ತಕ. ತೊದಲು ಮಾತಿನವರಿಗೆ ಚಿತ್ರಪುಸ್ತಕ? ನಮ್ಮನೆ ಕಪಾಟಿನಲ್ಲಂತೂ ಒಂದೂ ಇಲ್ಲ.

ಮಗಳ ಕನ್ನಡ ಪುಸ್ತಕದಲ್ಲಿ ಹುಲಿ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ‘ನರಿ’ ಅಂತ ಬರೆದಿಟ್ಟಿದ್ದೇನೆ.