ಅನ್ನನಾಳದ ಇಯೊಸಿನೊಫಿಲ್ ಉರಿಯೂತ

ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರು ಉದ್ದವಾಗಿ ಇಳಿಯುವ ಅನ್ನನಾಳದ ಒಳಪೊರೆಯಲ್ಲಿ, ಸ್ವಸ್ಥ ಶರೀರದಲ್ಲಾದರೆ ಅಲ್ಲಿ ಕಾಣಿಸಿಕೊಳ್ಳದ ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳು ಗುಂಪುಗೂಡಿ ನೆಲಸುವುದರಿಂದ ಉಂಟಾಗುವ ದೀರ್ಘಕಾಲಿಕ ಅಲರ್ಜಿ ವ್ಯಾಧಿ. ಈ ಕಣಗಳನ್ನು ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿಯೇ ಗುರುತಿಸಿದ್ದನಾದರೂ, ವ್ಯಾಧಿಯು ಸ್ವತಂತ್ರವಾದುದೆಂಬ ಅರಿವು ಮೂಡಿದುದು 1993-94ರ ವೇಳೆಗೆ ಸ್ಟೀಫನ್ ಆಟ್‌ವುಡ್ ಮತ್ತು ಸ್ವಿಟ್ಸರ್ಲೆಂಡಿನ ಅಲೆಕ್ಸ್ ಸ್ಟ್ರೌಮನ್ ಪ್ರಕಟಿಸಿದ ವರದಿಗಳಿಂದ.

ಉಬ್ಬಸ, ಇಸಬು ಮೊದಲಾದ ಅಲರ್ಜಿಗಳುಳ್ಳವರಲ್ಲಿ, ಅದರಲ್ಲಿಯೂ ಪುರುಷರಲ್ಲಿ, ಇದು ಹೆಚ್ಚು. ಮಕ್ಕಳಲ್ಲಿ ವಾಂತಿ, ಊಟ ಬೇಡವೆಂಬ ಹಠ, ಮೈ ಹತ್ತದಿರುವುದು ಇದರ ಕುರುಹುಗಳು. ದೊಡ್ಡವರಲ್ಲಿ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದೇ ಮುಖ್ಯ ಲಕ್ಷಣ. ಆದರೆ ಚಪಾತಿಯನ್ನು ಸಾರಿನಲ್ಲಿ ನೆನೆಸಿ, ಮಾಂಸವನ್ನು ಚೂರುಚೂರು ಮಾಡಿ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತ, ಪಂಕ್ತಿಯಲ್ಲಿ ಎಲ್ಲರಿಗಿಂತ ಕಡೆಗೆ ಏಳುವ ರೋಗಿಯು ತನ್ನ ವ್ಯಾಧಿಯನ್ನು ತಾನೇ ಮರೆಮಾಚಿಕೊಂಡು, ನಿಧಾನವಾಗಿ ಅಗಿದುಣ್ಣುವವನೆಂಬ ಮೆಚ್ಚುಗೆಗೂ ಪಾತ್ರನಾಗುವನಾದುದರಿಂದ, ನುಂಗಲು ಕಷ್ಟವೇ ಎಂದು ಕೇಳುವುದಕ್ಕಿಂತ ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ವಿಚಾರಿಸುವ ವೈದ್ಯನೇ ಜಾಣನು.

ಎಂಡೋಸ್ಕೋಪಿಯಲ್ಲಿ ಬಳೆಯಂತಹ ಸುತ್ತುಗಳೂ ನೀಳವಾದ ಗೀರುಗಳೂ ಬಿಳಿಯ ಚುಕ್ಕೆಗಳೂ ತೋರಬಹುದು. ಒಮ್ಮೊಮ್ಮೆ ಏನೂ ತೋರದಿರಲೂಬಹುದು. ಆದಕಾರಣ ಬೇರೆ ಬೇರೆ ಎತ್ತರಗಳಿಂದ ಕನಿಷ್ಠ 6 ಬಯಾಪ್ಸಿ ಚೂರುಗಳನ್ನು ತೆಗೆದು ನೋಡುವುದು ವಾಡಿಕೆ. ಸೂಕ್ಷ್ಮದರ್ಶಕದ ಒಂದು ಉನ್ನತವರ್ಧನ ಕ್ಷೇತ್ರದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್‌ಗಳಿದ್ದು, ಅವಕ್ಕೆ ಅನ್ಯ ಕಾರಣವಿಲ್ಲದಿದ್ದರೆ ನಿದಾನವು ಸಿದ್ಧಿಸುತ್ತದೆ. ಯಾವ ಆಹಾರ ಒಗ್ಗದೆಂಬುದನ್ನು ತಿಳಿಯಲು ಚರ್ಮಪರೀಕ್ಷೆಯನ್ನು ನಂಬುವಂತಿಲ್ಲ.

ಆಮ್ಲಸ್ರಾವವನ್ನು ತಗ್ಗಿಸುವ ಔಷಧ, ಉಸಿರಿನೊಡನೆ ಒಳಕ್ಕೆಳೆಯದೆ ನುಂಗಬೇಕಾದ ಬುಡೆಸೊನೈಡ್ ಅಥವಾ ಫ್ಲೂಟಿಕಾಸೋನ್ ಎಂಬ ಸ್ಟೀರಾಯ್ಡ್ (ನುಂಗಿದ ಮೇಲೆ ಅರ್ಧ ಗಂಟೆ ನೀರೂ ಸಲ್ಲದು), ಪಥ್ಯ, ಇವು ಚಿಕಿತ್ಸೆಯ ಮುಖ್ಯ ಮಾರ್ಗಗಳು. ಹಾಲು, ಗೋಧಿ, ಮೊಟ್ಟೆ, ಸೋಯಾ, ಬೀಜಗಳು, ಮೀನು-ಸಿಗಡಿ ಇವೆಲ್ಲವನ್ನೂ ಬಿಡಿಸುವುದು ಹಿಂದಿನ ಕ್ರಮವಾಗಿತ್ತು. ಪ್ರಾಣಿಗಳ ಹಾಲೊಂದನ್ನು ಬಿಟ್ಟರೂ ವಯಸ್ಕರಲ್ಲಿ ಹೆಚ್ಚುಕಡಮೆ ಅಷ್ಟೇ ಫಲವೆಂದು 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೊಸರು, ಮಜ್ಜಿಗೆ, ತುಪ್ಪಗಳಿಲ್ಲದ ಊಟವನ್ನು ಊಟವೆಂದೇ ಎಣಿಸದ ನಮ್ಮ ಮನೆಗಳಲ್ಲಿ ಇದೇನೂ ಸುಲಭವಲ್ಲ. ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದನ್ನು ಈ ವ್ಯಾಧಿಗೆ ಬಳಸಲು ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆಯಿತು. ನಾಳವು ಕಿರಿದಾಗಿದ್ದರೆ ಹಿಗ್ಗಿಸಬೇಕಾಗುತ್ತದೆ.

ಚಿಕಿತ್ಸೆ ನಿಲ್ಲಿಸಿದರೆ ವ್ಯಾಧಿಯು ಸಾಮಾನ್ಯವಾಗಿ ಮರುಕಳಿಸುತ್ತದೆ. ತುತ್ತು ಸಿಕ್ಕಿ ಎಂಜಲನ್ನೂ ನುಂಗಲಾಗದಿದ್ದರೆ, ಮೀನಿನ ಮುಳ್ಳಿಗೆ ಮಾಡುವಂತೆ ಅನ್ನದ ಉಂಡೆ ನುಂಗಿಸದೆ, ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.